ಬಾನೆಟ್ಟಿನ ಮೇಲೆ ಹುಳು ಬಿಟ್ಟುಹೋದ ಗುರುತು: ಒಂದು ಪಾಲಿಶಿಂಗ್ ಪ್ರಕರಣ

ಮೇ ತಿಂಗಳ ಕೊನೆಯ ವಾರದಲ್ಲಿ, ಮೊದಲ ಮಳೆ ಬಿದ್ದ ಮರುದಿನ, ಧಾರವಾಡದ ಉಪನ್ಯಾಸಕರೊಬ್ಬರು ಸಂಜೆ ನಾಲ್ಕರ ಹೊತ್ತಿಗೆ ಬೆಂಗಳೂರಿನಿಂದ ತಮ್ಮ ಕಪ್ಪು ಬಣ್ಣದ ಸೆಡಾನ್ ಕಾರಿನಲ್ಲಿ ಊರಿಗೆ ಹೊರಟರು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಿರಾ ದಾಟುವಾಗ ಕತ್ತಲಾಗಿತ್ತು. ಅಲ್ಲಿಂದ ಹಿರಿಯೂರು, ಚಿತ್ರದುರ್ಗದವರೆಗೆ ಹೆಡ್‌ಲೈಟಿನ ಬೆಳಕಿಗೆ ರೆಕ್ಕೆ ಬಂದ ಗೆದ್ದಲು, ಅಂದರೆ ನಾವು ಮಳೆಹುಳು ಎನ್ನುವ, ಹಳೇ ಮೈಸೂರಿನ ಕಡೆಯವರು ಈಸಲು ಎಂದು ಕರೆದು ಹುರಿದೂ ತಿನ್ನುವ ಆ ಹುಳು, ಅಕ್ಕಿ ಎರಚಿದ ಹಾಗೆ ಬಂದು ಬಡಿಯುತ್ತಿತ್ತು ಎಂದು ಅವರು ಆಮೇಲೆ ಹೇಳಿದರು. ಮನೆ ಮುಟ್ಟಿದ್ದು ನಡುರಾತ್ರಿ. ಮರುದಿನದಿಂದ ಮನೆಯಲ್ಲಿ ಮದುವೆಯ ಓಡಾಟ ಇದ್ದುದರಿಂದ ಕಾರು ಅಂಗಳದ ಬಯಲಿನಲ್ಲಿ ಹಾಗೆಯೇ ನಿಂತಿತು. ಒಂಬತ್ತನೆಯ ದಿನ ಯಾರೋ ಹೇಳಿದರೆಂದು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿದರು. ಅದಕ್ಕೂ ಹೋಗದ ಕಲೆಗಳನ್ನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಉಜ್ಜಿದರು. ಹನ್ನೆರಡನೆಯ ದಿನ ಕಾರು ಹುಬ್ಬಳ್ಳಿಯ ನಮ್ಮ ಕಾರು ಪಾಲಿಶಿಂಗ್ ಶೆಡ್ಡಿಗೆ ಬಂತು.

ಗಿರಾಕಿಯ ಬೇಡಿಕೆ ಸರಳವಾಗಿತ್ತು: ಪಾಲಿಶ್ ಹೊಡೆದು ಕಲೆ ತೆಗೆಯಬೇಕು. ಈ ಮಾತಿನಲ್ಲಿರುವ ಒಂದು ತಪ್ಪು ಕಲ್ಪನೆಯನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಮುಂದಿನದೆಲ್ಲ ಅರ್ಥವಾಗುವುದಿಲ್ಲ. ಪಾಲಿಶ್ ಕಲೆಯನ್ನು ತೆಗೆಯುವುದಿಲ್ಲ. ಹುಳುವಿನ ರಸವು ಬಣ್ಣದ ಮೇಲಿನ ಪಾರದರ್ಶಕ ಪದರವನ್ನು, ಅಂದರೆ ಕ್ಲಿಯರ್ ಕೋಟನ್ನು, ಕೊರೆದು ಗುಳಿ ಮಾಡಿರುತ್ತದೆ. ಆ ಗುಳಿಯ ಸುತ್ತ ಚೆನ್ನಾಗಿರುವ ಪದರವನ್ನು ಗುಳಿಯ ತಳದ ಮಟ್ಟಕ್ಕೆ ಸವೆಸಿ ಇಳಿಸುವುದೇ ಪಾಲಿಶಿಂಗ್. ಕೆಟ್ಟದ್ದನ್ನು ಮರೆಸಲು ಒಳ್ಳೆಯದನ್ನು ಕಳೆಯುವ ಕೆಲಸ ಇದು. ಕಾರ್ಖಾನೆಯ ಬಣ್ಣದಲ್ಲಿ ತಗಡಿನ ಮೇಲಿನ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪ ಇರುತ್ತವೆ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳು ಈ ಪದರದಲ್ಲೇ ಇರುವುದರಿಂದ, ಇಡೀ ಕಾರಿನ ಆಯುಷ್ಯದಲ್ಲಿ ಎಂಟು ಹತ್ತು ಮೈಕ್ರಾನಿಗಿಂತ ಹೆಚ್ಚು ಕಳೆಯಬಾರದು ಎಂಬುದು ನಮ್ಮ ಕಸುಬಿನಲ್ಲಿ ನಡೆದುಬಂದ ಎಚ್ಚರಿಕೆ.

ಮೊದಲ ದಿನ ಯಂತ್ರವನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಒತ್ತಡದ ನೀರಿನಿಂದ ಧೂಳು ಇಳಿಸಿ, ಬಾನೆಟ್ಟಿನ, ಬಂಪರಿನ ನಕ್ಷೆಯನ್ನು ಕಾಗದದ ಮೇಲೆ ಬರೆದು, ಕಂಡ ಗುರುತುಗಳನ್ನೆಲ್ಲ ಅದರಲ್ಲಿ ಚುಕ್ಕೆ ಹಾಕಿದೆವು. ಬಾನೆಟ್ಟಿನಲ್ಲಿ 38, ಬಂಪರಿನಲ್ಲಿ 17, ಛಾವಣಿಯ ಮುಂದಿನ ಅಂಚಿನಲ್ಲಿ 5, ಎರಡೂ ಬದಿಯ ಕನ್ನಡಿಗಳ ಕವಚದಲ್ಲಿ 3, ಹೀಗೆ ಒಟ್ಟು 63 ಗುರುತುಗಳಿದ್ದವು. ಅನಂತರ ಉಗುರುಬೆಚ್ಚನೆಯ ಶಾಂಪೂ ನೀರಿನಲ್ಲಿ ನೆನೆಸಿದ ಮೈಕ್ರೋಫೈಬರ್ ಬಟ್ಟೆಯನ್ನು ಬಾನೆಟ್ಟಿನ ಮೇಲೆ ಹಾಸಿ ಹತ್ತು ನಿಮಿಷ ಬಿಟ್ಟು, ಎತ್ತಿ, ಮತ್ತೆ ಹಾಸಿದೆವು. ಹುಳುವಿನ ಹೊರಕವಚ ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದ ಆದದ್ದು. ಅದು ನೀರಿಗೆ ಕರಗುವುದಿಲ್ಲ, ಒಣಗಿದಾಗ ಉಜ್ಜಿದರೆ ಬಣ್ಣವನ್ನು ಗೀರುತ್ತದೆ. ಆದ್ದರಿಂದ ಇಲ್ಲಿ ತಾಳ್ಮೆಯೇ ಸಾಧನ. ನೆನೆದು ಸಡಿಲಾದದ್ದನ್ನು ತೊಳೆದು, ಉಳಿದ ಅಂಟಿಗೆ ಕ್ಲೇ ಬಾರ್, ಅಂದರೆ ಕೊಳೆ ಹಿಡಿದೆತ್ತುವ ಜೇಡಿಯಂಥ ಮುದ್ದೆ, ಆಡಿಸಿ, ಕೊನೆಗೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆವು. ಸೀಮೆಎಣ್ಣೆಯ ಜಿಡ್ಡು ಹೋದ ಕೂಡಲೇ ಬಾನೆಟ್ ಇನ್ನೂ ಕೆಟ್ಟದಾಗಿ ಕಂಡಿತು. ಗಿರಾಕಿಗೆ ಗಾಬರಿಯಾಯಿತು, ಆದರೆ ಅದು ನಿರೀಕ್ಷಿತವೇ ಆಗಿತ್ತು: ಎಣ್ಣೆ ಗುಳಿಗಳನ್ನು, ಗೀರುಗಳನ್ನು ತುಂಬಿಕೊಂಡು ಕಣ್ಣಿಗೆ ಮಣ್ಣೆರಚುತ್ತಿತ್ತು.

ತೊಳೆದ ಮೇಲೆ 63ರಲ್ಲಿ 21 ಗುರುತುಗಳು ಪೂರ್ತಿ ಹೋದವು. ಅವು ಬರಿಯ ಅಂಟು. ಉಳಿದ 42 ಕೊರೆತಗಳು. ಓರೆಯಾಗಿ ಟಾರ್ಚ್ ಹಿಡಿದರೆ ಅವುಗಳಲ್ಲಿ ಕೆಲವು ಮಳೆಹನಿ ಒಣಗಿದಂತೆ ಉಂಗುರಾಕಾರದಲ್ಲಿ ಕಂಡವು. ಕೆಲವು ಹುಳುವಿನ ಮೈಯ ಆಕಾರವನ್ನೇ ಅಚ್ಚೊತ್ತಿಕೊಂಡಿದ್ದವು.

ಇಲ್ಲಿ ಒಂದು ವಿಷಯ ನಮ್ಮ ಗಮನ ಸೆಳೆಯಿತು. ಛಾವಣಿಯ ಅಂಚಿನ ಐದು ಗುರುತುಗಳಲ್ಲಿ ಕೊರೆತವಾಗಿ ಉಳಿದದ್ದು ಒಂದೇ. ಬಾನೆಟ್ಟಿನ 38ರಲ್ಲಿ 29 ಉಳಿದಿದ್ದವು. ಅದೇ ರಾತ್ರಿಯ ಹುಳು, ಅದೇ ಹನ್ನೊಂದು ದಿನಗಳ ಬಿಸಿಲು, ಅದೇ ಕಪ್ಪು ಬಣ್ಣ. ಹೀಗಿರುವಾಗ ಒಂದು ತಗಡು ತಡೆದುಕೊಂಡು ಇನ್ನೊಂದು ಸೋತದ್ದೇಕೆ?

ಉತ್ತರ ಸಿಕ್ಕಿದ್ದು ಬಣ್ಣದ ದಪ್ಪ ಅಳೆಯುವ ಮೀಟರಿನಲ್ಲಿ. ಛಾವಣಿಯಲ್ಲಿ 112ರಿಂದ 118, ಮುಂದಿನ ಎರಡೂ ಫೆಂಡರುಗಳಲ್ಲಿ (ಚಕ್ರದ ಮೇಲಿನ ತಗಡು) 108ರಿಂದ 121 ಮೈಕ್ರಾನ್ ತೋರಿಸಿದ ಮೀಟರ್, ಬಾನೆಟ್ಟಿನ ಮೇಲೆ ಇಟ್ಟಾಗ 231ರಿಂದ 268ಕ್ಕೆ ನೆಗೆಯಿತು. ಎಡಮುಂದಿನ ಮೂಲೆಯಲ್ಲಂತೂ 410. ಬಾನೆಟ್ಟಿಗೆ ಹಿಂದೊಮ್ಮೆ ಮರುಬಣ್ಣ ಬಳಿಯಲಾಗಿತ್ತು. ಮೂಲೆಯಲ್ಲಿ ತಗ್ಗು ತುಂಬಲು ಪುಟ್ಟಿಯನ್ನೂ ಹಾಕಲಾಗಿತ್ತು. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕಾರು ಅದು. "ಒರಿಜಿನಲ್ ಪೇಂಟ್, ಒಂದು ಗೀರೂ ಬಿದ್ದಿಲ್ಲ ಅಂತ ಹೇಳಿ ಕೊಟ್ಟಾರ್ರೀ" ಎಂದು ಗಿರಾಕಿ ಮೀಟರಿನ ಅಂಕಿಯನ್ನೇ ನೋಡುತ್ತ ನಿಂತರು. ಇಂಥ ಹೊತ್ತಿನಲ್ಲಿ ಮಾರಿದವರ ಬಗ್ಗೆ ಒಂದು ಮಾತು ಸೇರಿಸುವ ಆಸೆ ನಮ್ಮ ಕಸುಬಿನವರಿಗೆ ಸಹಜ. ಆದರೆ ಮರುಬಣ್ಣವಾದದ್ದು ಯಾವಾಗ, ಯಾರ ಕೈಯಲ್ಲಿ ಎಂಬುದನ್ನು ಮೀಟರ್ ಹೇಳುವುದಿಲ್ಲ. ಹಾಗಾಗಿ ನಾವು ಅಂಕಿಯನ್ನಷ್ಟೇ ಹೇಳಿ ಸುಮ್ಮನಾದೆವು.

ಕೊರೆತದ ವ್ಯತ್ಯಾಸಕ್ಕೆ ಮಾತ್ರ ಇದು ಸಾಕಷ್ಟು ಒಳ್ಳೆಯ ವಿವರಣೆ. ಕಾರ್ಖಾನೆಯಲ್ಲಿ ಕ್ಲಿಯರ್ ಕೋಟನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಆಗ ಅದರ ಅಣುಗಳು ಬಿಗಿಯಾಗಿ ಹೆಣೆದುಕೊಳ್ಳುತ್ತವೆ. ಜೋಡಿಸಿ ಮುಗಿದ ಕಾರಿನಲ್ಲಿ ಪ್ಲಾಸ್ಟಿಕ್, ರಬ್ಬರ್, ವೈರಿಂಗ್ ಎಲ್ಲ ಇರುವುದರಿಂದ ಅಷ್ಟು ಶಾಖ ಕೊಡಲಾಗದು. ಆದ್ದರಿಂದ ಗ್ಯಾರೇಜಿನ ಮರುಬಣ್ಣವನ್ನು ಗಟ್ಟಿಕಾರಕ ಬೆರೆಸಿ, ಬಣ್ಣ ಒಣಗಿಸುವ ಬಿಸಿ ಕೋಣೆ, ಅಂದರೆ ಬೂತ್, ಇದ್ದರೆ 60 ಡಿಗ್ರಿಯ ಆಸುಪಾಸಿನಲ್ಲಿ, ಇಲ್ಲದಿದ್ದರೆ ಗಾಳಿಯಲ್ಲೇ ಒಣಗಿಸುತ್ತಾರೆ. ಚೆನ್ನಾಗಿ ಮಾಡಿದ ಮರುಬಣ್ಣವೂ ಬಹುಕಾಲ ಬಾಳುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅಳತೆ ತಪ್ಪಿ ಬೆರೆಸಿದ ಗಟ್ಟಿಕಾರಕ, ಅವಸರದಲ್ಲಿ ಒಂದರ ಮೇಲೊಂದು ಹೊಡೆದ ಕೋಟು ಇವುಗಳಿಂದ ಪದರ ಒಳಗೇ ಮೆತ್ತಗೆ ಉಳಿಯುತ್ತದೆ. ಬಿಸಿಲಿಗೆ ಇನ್ನೂ ಮೆತ್ತಗಾಗುತ್ತದೆ.

ಹುಳುವಿನ ರಸ "ಆಸಿಡ್" ಎಂದು ಎಲ್ಲರೂ ಹೇಳುತ್ತಾರೆ. ಆ ಮಾತು ಅರ್ಧ ಸರಿ. ಆಗತಾನೆ ಬಡಿದ ಹುಳುವಿನ ರಸ ಹೆಚ್ಚೆಂದರೆ ಸೌಮ್ಯ ಆಮ್ಲೀಯ. ಅದೇ ರಾತ್ರಿ ಒಂದು ಬಕೆಟ್ ನೀರು ಹಾಕಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಕೇಡು ಆಗುವುದು ಒಣಗುವಾಗ. ನೀರಿನಂಶ ಆರಿ ರಸ ಸಾಂದ್ರವಾಗುತ್ತದೆ, ಪ್ರೋಟೀನು ಕೊಳೆಯುತ್ತದೆ, ಕಪ್ಪು ತಗಡು ಬಿಸಿಲಿನಲ್ಲಿ 60, 70 ಡಿಗ್ರಿಯವರೆಗೆ ಕಾಯುತ್ತದೆ. ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕೊಡತಿಹುಳು, ಅಂದರೆ ಡ್ರ್ಯಾಗನ್‌ಫ್ಲೈ, ಕಾರಿನ ಹೊಳಪನ್ನು ನೀರೆಂದು ಭ್ರಮಿಸಿ ಅದರ ಮೇಲೆ ಇಟ್ಟ ಮೊಟ್ಟೆಗಳನ್ನು ಕುರಿತದ್ದು: ಕಾದ ಮೇಲ್ಮೈಯಲ್ಲಿ ಮೊಟ್ಟೆಯೊಳಗಿನ ಗಂಧಕಯುಕ್ತ ಅಮೈನೋ ಆಮ್ಲಗಳು ಉತ್ಕರ್ಷಣಗೊಂಡು ಪ್ರಬಲವಾದ ಸಲ್ಫೋನಿಕ್ ಆಮ್ಲಗಳಾಗುತ್ತವೆ, ಅವು ಕ್ಲಿಯರ್ ಕೋಟಿನ ರಾಳವನ್ನು ಒಡೆಯುತ್ತವೆ ಎಂದು ಅವರು ತೋರಿಸಿದರು. ನಮ್ಮ ಕಾರಿಗೆ ಬಡಿದದ್ದು ಮೊಟ್ಟೆಯಲ್ಲ, ಗೆದ್ದಲು. ಆದರೂ ಶಾಖವೇ ಮುಖ್ಯ ಅಪರಾಧಿ ಎಂಬ ಅಂಶ ನಾವು ದಿನವೂ ಕಾಣುವುದಕ್ಕೆ ಹೊಂದುತ್ತದೆ. ಇದರ ಜೊತೆಗೆ ರಾಸಾಯನಿಕವಲ್ಲದ ಇನ್ನೊಂದು ಕಾರಣವೂ ಇದೆ. ಬಿಸಿಲಿಗೆ ಹಿಗ್ಗಿ ಮೆದುವಾದ ಪದರ ಸಂಜೆ ತಣಿದು ಕುಗ್ಗುವಾಗ, ಮೇಲೆ ಒಣಗಿ ಗಟ್ಟಿಯಾದ ಕೊಳೆಯ ಆಕಾರಕ್ಕೇ ಒಗ್ಗಿಕೊಂಡು ಬಿಡುತ್ತದೆ. ಹನ್ನೊಂದು ಹಗಲು, ಹನ್ನೊಂದು ರಾತ್ರಿ ಇದು ನಡೆದಿತ್ತು.

ಬಾನೆಟ್ಟಿನಲ್ಲಿ 250 ಮೈಕ್ರಾನ್ ಇದೆಯೆಂದ ಮೇಲೆ ಧಾರಾಳವಾಗಿ ಸವೆಸಬಹುದಲ್ಲ ಎಂದು ಶೆಡ್ಡಿನ ಹುಡುಗರು ಕೇಳಿದರು. ಈ ಪ್ರಶ್ನೆಯಲ್ಲೇ ಹೆಚ್ಚಿನ ಬಾನೆಟ್ಟುಗಳು ಹಾಳಾಗುವುದು. ಮೀಟರ್ ತಗಡಿನಿಂದ ಮೇಲ್ಮೈವರೆಗಿನ ಒಟ್ಟು ದಪ್ಪವನ್ನು ಹೇಳುತ್ತದೆಯೇ ಹೊರತು ಅದರಲ್ಲಿ ಕ್ಲಿಯರ್ ಎಷ್ಟು, ಹಳೆಯ ಬಣ್ಣವೆಷ್ಟು, ಅಡಿಪದರವಾದ ಪ್ರೈಮರ್ ಎಷ್ಟು, ಪುಟ್ಟಿಯೆಷ್ಟು ಎಂದು ಬಿಡಿಸಿ ಹೇಳುವುದಿಲ್ಲ. 410 ತೋರಿಸಿದ ಮೂಲೆಯಲ್ಲಿ ಕ್ಲಿಯರ್ ಬರಿಯ 25 ಇದ್ದರೂ ಇರಬಹುದು. ಇನ್ನೊಂದು ತೊಡಕು: ಇಂಥ ಮೀಟರುಗಳ ತಪ್ಪಿನ ಅಂತರ ದಪ್ಪ ಹೆಚ್ಚಿದಂತೆ ಹೆಚ್ಚುತ್ತದೆ. 250ರ ಮೇಲೆ ನಿಂತು ಎರಡು ಮೈಕ್ರಾನ್ ಸವೆಯಿತೋ ನಾಲ್ಕು ಸವೆಯಿತೋ ಎಂದು ಅದನ್ನು ಕೇಳುವುದು ಸೌದೆ ತೂಗುವ ತಕ್ಕಡಿಯಲ್ಲಿ ಬಂಗಾರ ತೂಗಿದ ಹಾಗೆ. ಗುಳಿಯ ಆಳವನ್ನಂತೂ ಅಳೆಯಲಾಗದು. ಮೀಟರಿನ ತುದಿಯೇ ಗುಳಿಗಿಂತ ಅಗಲ. ಆದ್ದರಿಂದ ಬಾನೆಟ್ಟಿನ ದಪ್ಪವನ್ನು ಇಲ್ಲವೆಂದೇ ಭಾವಿಸಿ, ಕಾರ್ಖಾನೆಯ ತೆಳು ಪದರದ ಮೇಲೆ ಕೆಲಸ ಮಾಡುವಷ್ಟೇ ಅಂಜಿಕೆಯಿಂದ ಮಾಡುವುದೆಂದು ನಿಶ್ಚಯಿಸಿದೆವು.

ಎರಡನೆಯ ದಿನ ಬಾನೆಟ್ಟಿನ ಬಲಭಾಗದಲ್ಲಿ ಒಂದು ಚದರ ಅಡಿ ಜಾಗವನ್ನು ಟೇಪಿನಿಂದ ಬೇರ್ಪಡಿಸಿ ಪರೀಕ್ಷೆ ನಡೆಸಿದೆವು. ತೀರ ಸೌಮ್ಯವಾದದ್ದರಿಂದ ಆರಂಭಿಸುವುದು ನಿಯಮ: ಸುತ್ತುತ್ತಲೇ ಅಲುಗಾಡುವ ಡ್ಯುಯಲ್ ಆಕ್ಷನ್ ಯಂತ್ರ, ಮೆತ್ತನೆಯ ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್. ಮಂಕು ಕಡಿಮೆಯಾಯಿತು, ಉಂಗುರಗಳು ಹಾಗೇ ಉಳಿದವು. ಮಧ್ಯಮ ಫೋಮ್ ಪ್ಯಾಡಿಗೆ ಮಧ್ಯಮ ಪಾಲಿಶ್ ಹಾಕಿ ನಿಧಾನವಾಗಿ ನಾಲ್ಕು ಸುತ್ತು ಆಡಿಸಿದಾಗ ಆಳವಿಲ್ಲದವು ಅಳಿದವು. ಇಡೀ ಬಾನೆಟ್ಟಿಗೆ ಇದೇ ಜೋಡಿಯನ್ನು ಬಳಸಿದಾಗ 29ರಲ್ಲಿ 13 ಕೊರೆತಗಳು ಕಾಣದಾದವು. ಛಾವಣಿಯ ಒಂದೂ ಕನ್ನಡಿ ಕವಚಗಳ ಎರಡೂ ಇದರಲ್ಲೇ ಹೋದವು. ಪ್ರತಿ ಹಂತದ ಬಳಿಕ ಆಲ್ಕೊಹಾಲಿನಿಂದ ಒರೆಸಿಯೇ ನೋಡಿದೆವು, ಏಕೆಂದರೆ ಪಾಲಿಶಿನಲ್ಲಿರುವ ಎಣ್ಣೆಯೂ ಸೀಮೆಎಣ್ಣೆಯ ಹಾಗೆಯೇ ಗುಳಿಯನ್ನು ತುಂಬಿ ಸುಳ್ಳು ಹೇಳಬಲ್ಲದು.

ಉಳಿದ 16ಕ್ಕೆ ಕಾಂಪೌಂಡ್, ಅಂದರೆ ಪಾಲಿಶಿಗಿಂತ ಒರಟಾಗಿ ಸವೆಸುವ ಪೇಸ್ಟ್, ಮತ್ತು ಮೈಕ್ರೋಫೈಬರ್ ಪ್ಯಾಡ್. ಇದನ್ನು ಇಡೀ ಬಾನೆಟ್ಟಿಗೆ ಹೊಡೆಯದೆ, ಮೂರು ಇಂಚಿನ ಸಣ್ಣ ಪ್ಯಾಡಿನಲ್ಲಿ ಕೊರೆತ ಇರುವ ಕಡೆ ಮಾತ್ರ ಬಳಸಿ, ಅಂಚುಗಳನ್ನು ಸುತ್ತಲಿನ ಭಾಗಕ್ಕೆ ಹೊಂದಿಸುತ್ತ ಬಂದೆವು. ಒಂದೇ ಸಮನೆ ಸುತ್ತುವ ರೋಟರಿ ಯಂತ್ರದಲ್ಲಿ ಈ ಕೆಲಸ ಅರ್ಧ ಹೊತ್ತಿನಲ್ಲಿ ಆಗುತ್ತಿತ್ತು. ಆದರೆ ಮೆತ್ತನೆಯ ಮರುಬಣ್ಣದ ಮೇಲೆ ರೋಟರಿ ಬಿಡುವ ಸುಳಿಗೆರೆಗಳನ್ನು ತೆಗೆಯಲು ಮತ್ತೆ ಸವೆಸಬೇಕಾಗುತ್ತದೆ. ಉಳಿಸಿದ ಹೊತ್ತಿಗೆ ಬಣ್ಣವನ್ನು ಬೆಲೆಯಾಗಿ ತೆರಬೇಕಾಗುತ್ತದೆ. ಎಂಟು ಕೊರೆತಗಳು ಹೋದವು. ನಿಜ ಹೇಳಬೇಕೆಂದರೆ ಆ ದಿನದ ಅರ್ಧ ದುಡಿಮೆ ಹುಳುವಿಗಾಗಿ ಅಲ್ಲ, ಹಸಿರು ಸ್ಕ್ರಬ್ಬರ್ ಬಾನೆಟ್ಟಿನ ನಡುಭಾಗದಲ್ಲಿ ಎಬ್ಬಿಸಿದ ಗೀರುಗಳಿಗಾಗಿ ಹೋಯಿತು.

ಇನ್ನು ಎಂಟು. ಅವುಗಳಲ್ಲಿ ನಾಲ್ಕು ಬಾನೆಟ್ಟಿನ ಬಯಲಿನಲ್ಲಿ, ನಾಲ್ಕು ಮುಂಗಡೆಯ ಮಡಿಕೆಯಂಚಿನಲ್ಲಿ ಇದ್ದವು. ಬಯಲಿನ ನಾಲ್ಕರಲ್ಲಿ ಎರಡರ ಅಂಚು ನುಣುಪಾಗಿ, ಒಳಗೆ ಬಿರುಕಿಲ್ಲದೆ, ಬೆರಳಿನಿಂದ ಒತ್ತಿದಂತೆ ತಗ್ಗಾಗಿದ್ದವು. ತಣಿಯುವಾಗ ಕುಗ್ಗಿ ಆದ ತಗ್ಗು ಮತ್ತೆ ಕಾಯಿಸಿದರೆ ಸಡಿಲಾಗಿ ಮೇಲೇಳುವುದುಂಟು. ಹೀಟ್ ಗನ್ನನ್ನು ದೂರದಿಂದ ಆಡಿಸುತ್ತ, ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ 65 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತ, ಐದು ನಿಮಿಷ ಕಾಯಿಸಿ ತಾನಾಗಿ ತಣಿಯಲು ಬಿಟ್ಟೆವು. ಎರಡೂ ತಗ್ಗುಗಳು ಬಹುತೇಕ ಸಮವಾದವು. ಮೇಲೆ ಒಮ್ಮೆ ಮಧ್ಯಮ ಪಾಲಿಶ್ ಹೊಡೆದಾಗ ಗುರುತೇ ಇರಲಿಲ್ಲ. ಹೆಚ್ಚೇನೂ ಪದರ ಕಳೆಯದೆ ವಾಸಿಯಾಯಿತೆಂದು ನಕ್ಷೆಯಲ್ಲಿ ಅವೆರಡನ್ನೂ ಕಾಟು ಹಾಕಿದೆವು. ಈ ಕಾಟಿನ ಕಥೆ ಮುಂದೆ ಬರುತ್ತದೆ.

ಇನ್ನೆರಡು ಕೊರೆತಗಳ ಅಂಚು ಉಗುರಿಗೆ ತಡೆಯುತ್ತಿತ್ತು. ಉಗುರು ತಡೆದರೆ ಪಾಲಿಶ್ ಸಾಲದು ಎಂಬುದು ಹಳೆಯ ಪೇಂಟರುಗಳ ಮಾತು, ಅದು ಇವತ್ತಿಗೂ ಸುಳ್ಳಾಗಿಲ್ಲ. ಪೆನ್ಸಿಲ್ ರಬ್ಬರಿನ ಗಾತ್ರದ ತುಂಡಿಗೆ 3000 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಚ್ಚಿ ಉಜ್ಜುವ ತೀರ ನಯವಾದ ಮರಳು ಕಾಗದ, ಸುತ್ತಿ, ಶಾಂಪೂ ನೀರು ಹಚ್ಚಿ, ಬೆರಳಿನ ಭಾರವಷ್ಟೇ ಬಿದ್ದಂತೆ ಹತ್ತು ಹನ್ನೆರಡು ಸಲ ಉಜ್ಜಿ ಒರೆಸಿ ನೋಡುವುದು, ಮತ್ತೆ ಉಜ್ಜುವುದು. ಸುತ್ತಲಿನ ಪ್ರದೇಶ ಮಂಕಾಗಿ, ಗುಳಿಯ ತಳ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಆ ಹೊಳಪು ಸಾಸಿವೆ ಗಾತ್ರಕ್ಕೆ ಇಳಿದಾಗ ನಿಲ್ಲಿಸಿದೆವು. ಅದು ಪೂರ್ತಿ ಮಾಯವಾಗುವವರೆಗೆ ಉಜ್ಜಬೇಕೆಂಬ ಹಟ ಬಲು ಬಲವಾದದ್ದು. ಕಾಂಪೌಂಡ್, ಪಾಲಿಶ್ ಮುಗಿದ ಮೇಲೆ ಆ ಸಾಸಿವೆಯಷ್ಟು ಜಾಗ ತಿಳಿದವರು ಹುಡುಕಿದರೆ ಮಾತ್ರ ಸಿಗುವಂತಿತ್ತು.

ಅಂಚಿನ ನಾಲ್ಕನ್ನು ಮುಟ್ಟಲಿಲ್ಲ. ದ್ರವವಾಗಿರುವಾಗ ಬಣ್ಣ ಚೂಪಾದ ಅಂಚಿನಿಂದ ಹಿಂದಕ್ಕೆ ಸರಿಯುವುದರಿಂದ ಮಡಿಕೆಗಳ ಮೇಲೆ ಪದರ ಯಾವಾಗಲೂ ತೆಳು. ಪ್ಯಾಡಿನ ಒತ್ತಡವೆಲ್ಲ ಆ ಕಿರಿದಾದ ಗೆರೆಯ ಮೇಲೇ ಬೀಳುವುದರಿಂದ ಸವೆತವೂ ಅಲ್ಲೇ ಹೆಚ್ಚು. ಅಲ್ಲಿ ಕ್ಲಿಯರ್ ಹರಿದುಹೋದರೆ ಇಡೀ ಬಾನೆಟ್ಟಿಗೆ ಮತ್ತೆ ಬಣ್ಣ. ಗಿರಾಕಿಗೆ ಇದು ಒಪ್ಪಿಗೆಯಾಗಲಿಲ್ಲ. ದುಡ್ಡು ಕೊಟ್ಟವರಿಗೆ ಕಣ್ಣೆದುರಿನ ನಾಲ್ಕು ಚುಕ್ಕೆಗಳು ಅಳಿದುಹೋದ ಮೂವತ್ತನಾಲ್ಕಕ್ಕಿಂತ ದೊಡ್ಡದಾಗಿ ಕಾಣುವುದು ಸಹಜವೇ. ಬಲಿಯದ ಗಾಯವನ್ನು ಕೆರೆಯುವುದು ಬೇಡ ಎಂಬ ಬಗೆಯ ಸಮಾಧಾನದ ಮಾತುಗಳಿಗಿಂತ, ಶೆಡ್ಡಿನಲ್ಲಿದ್ದ, ಪಾಲಿಶಿಂಗಿನಲ್ಲಿ ಅಂಚು ಸವೆದು ಬೂದುಬಣ್ಣದ ಪ್ರೈಮರ್ ಕಾಣುತ್ತಿದ್ದ ಹಳೆಯ ಫೆಂಡರ್ ಒಂದನ್ನು ತೋರಿಸಿದ್ದೇ ಹೆಚ್ಚು ಕೆಲಸ ಮಾಡಿತು.

ಬಂಪರಿನ ಹತ್ತು ಕೊರೆತಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ನಮ್ಮ ಮೀಟರ್ ಓಡುವುದಿಲ್ಲ, ಪ್ಲಾಸ್ಟಿಕ್ ಶಾಖವನ್ನು ಹರಡದೆ ಒಂದೇ ಕಡೆ ಹಿಡಿದಿಟ್ಟುಕೊಳ್ಳುತ್ತದೆ. ಕುರುಡಾಗಿ ಕೆಲಸ ಮಾಡುವಲ್ಲಿ ಕಡಿಮೆ ವೇಗ, ಮಧ್ಯಮ ಪಾಲಿಶ್, ಪ್ರತಿ ಸುತ್ತಿಗೂ ಅಂಗೈ ಇಟ್ಟು ನೋಡುವುದು ಇವಿಷ್ಟೇ ದಾರಿ. ಆರು ಹೋದವು, ನಾಲ್ಕು ತಿಳಿಯಾದವು.

ಮೂರನೆಯ ದಿನ ಫಿನಿಶಿಂಗ್ ಪಾಲಿಶ್ ಹೊಡೆದು, ಒರೆಸಿ, ಮೇಣ ಹಚ್ಚಿ ಕಾರು ಕೊಟ್ಟೆವು. ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚುವ ತೆಳುವಾದ ಗಟ್ಟಿ ಲೇಪ) ಮಾಡಿಸಿದರೆ ಮುಂದೆ ಹುಳುವಿನ ಭಯವೇ ಇಲ್ಲವಂತೆ, ಹೌದೇ ಎಂದು ಗಿರಾಕಿ ಕೇಳಿದರು. ಕೋಟಿಂಗ್ ಅಂಟನ್ನು ಸುಲಭವಾಗಿ ಬಿಡಿಸುತ್ತದೆ, ತೊಳೆಯಲು ಒಂದಷ್ಟು ಹೆಚ್ಚು ಸಮಯ ಕೊಡುತ್ತದೆ. ಹನ್ನೊಂದು ದಿನ ಬಿಸಿಲಿಗೆ ಬಿಟ್ಟರೆ ಅದೂ ಸೋಲುತ್ತದೆ. ನಿಜವಾದ ತಡೆ ಬೇಕೆಂದರೆ ಮುಂಭಾಗಕ್ಕೆ ದಪ್ಪನೆಯ ಪಾರದರ್ಶಕ ಫಿಲ್ಮ್ ಅಂಟಿಸಬೇಕು. ಆದರೆ ಸರಿಯಾಗಿ ಹಿಡಿಯದ ಮರುಬಣ್ಣದ ಮೇಲೆ ಅಂಟಿಸಿದ ಫಿಲ್ಮನ್ನು ಮುಂದೊಂದು ದಿನ ಕೀಳುವಾಗ ಬಣ್ಣವೂ ಕಿತ್ತು ಬರಬಹುದು ಎಂದು ತಿಳಿಸಿ, ಈ ಬಾನೆಟ್ಟಿಗೆ ಅದನ್ನು ನಾವೇ ಬೇಡವೆಂದೆವು. ಡಿಕ್ಕಿಯಲ್ಲಿ ಎರಡು ಲೀಟರ್ ನೀರು, ಒಂದು ದಪ್ಪ ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಂಡು, ಊರು ಮುಟ್ಟಿದ ರಾತ್ರಿಯೇ ಒದ್ದೆ ಬಟ್ಟೆ ಹಾಸಿ ಹುಳು ತೆಗೆಯುವುದೆಂದು ಕೊನೆಗೆ ಗೊತ್ತಾಯಿತು.

ಐದು ವಾರಗಳ ಬಳಿಕ ಕಾರನ್ನು ಮತ್ತೆ ಕರೆಸಿಕೊಂಡು ನಕ್ಷೆ ಹಿಡಿದು ನೋಡಿದೆವು. ಪಾಲಿಶ್, ಕಾಂಪೌಂಡ್, ವಾಟರ್ ಪೇಪರುಗಳಿಂದ ಹೋದವು ಯಾವುವೂ ಮರಳಿರಲಿಲ್ಲ. ಹೀಟ್ ಗನ್ನಿನಿಂದ ವಾಸಿಯಾಯಿತೆಂದು ಕಾಟು ಹಾಕಿದ ಎರಡರಲ್ಲಿ ಒಂದು ಮಾತ್ರ, ಮೊದಲಿಗಿಂತ ತೆಳುವಾಗಿ, ಆದರೆ ಅದೇ ಆಕಾರದಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಕಾಯಿಸಿದಾಗ ಹಿಗ್ಗಿದ ಮೆತ್ತನೆಯ ಪದರ ಐದು ವಾರಗಳಲ್ಲಿ ನಿಧಾನವಾಗಿ ಕುಗ್ಗಿ ತನ್ನ ಹಳೆಯ ತಗ್ಗಿಗೆ ಇಳಿದಿತ್ತೆಂದೇ ನಮ್ಮ ತೀರ್ಮಾನ. ತಣಿದ ಅರ್ಧ ಗಂಟೆಯಲ್ಲೇ ಅದನ್ನು ವಾಸಿಯೆಂದು ಬರೆದುಕೊಂಡದ್ದು ನಮ್ಮ ಅವಸರ. ಮರುಬಣ್ಣದ ತಗಡಿಗೆ ಶಾಖ ಕೊಟ್ಟರೆ ಈಗ ನಾವು ಒಂದು ವಾರ ಕಾದು ನೋಡದೆ ನಕ್ಷೆಯಲ್ಲಿ ಕಾಟು ಹಾಕುವುದಿಲ್ಲ. ಗಿರಾಕಿಗೆ ವಿಷಯ ಹೇಳಿ, ಆ ಒಂದಕ್ಕೆ ಶುಲ್ಕವಿಲ್ಲದೆ ಸಣ್ಣ ಪ್ಯಾಡಿನಲ್ಲಿ ಕಾಂಪೌಂಡ್ ಹೊಡೆದೆವು. ತುಸು ಉಳಿಯಿತು, ಬಿಟ್ಟೆವು.

ಹೋಗುವಾಗ ಅವರ ಕೈಗೆ ಮೀಟರಿನ ಅಂಕಿಗಳಿದ್ದ ನಕ್ಷೆಯ ಒಂದು ಪ್ರತಿಯನ್ನು ಕೊಟ್ಟೆವು. ಎಲ್ಲೆಲ್ಲಿ ಎಷ್ಟು ದಪ್ಪ, ಎಲ್ಲಿ ಪುಟ್ಟಿ, ಯಾವ ಜಾಗದಲ್ಲಿ ವಾಟರ್ ಪೇಪರ್ ಆಡಿಸಲಾಗಿದೆ ಎಂಬುದೆಲ್ಲ ಅದರಲ್ಲಿದೆ. ಮುಂದೆ ಆ ಬಾನೆಟ್ಟಿಗೆ ಯಂತ್ರ ಹಿಡಿಯುವವರು ನಾವೇ ಆಗಿರಬೇಕೆಂದೇನೂ ಇಲ್ಲ. ವಾಟರ್ ಪೇಪರ್ ಆಡಿಸಿದ ಎರಡು ಜಾಗಗಳಿಗೂ ಮುಂಗಡೆಯ ಅಂಚಿಗೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ "ಇಲ್ಲಿ ಇನ್ನು ಸವೆಸಬಾರದು" ಎಂದು ಬರೆದಿದ್ದೇವೆ.